ಒಂದೇ ಕೀವು, ಎರಡು ರಿಪೋರ್ಟು, ಐದು ಹೆಸರು

ಓದುಗರ ಪ್ರಶ್ನೆ: ನಮ್ಮ ತಂದೆಯವರಿಗೆ 63 ವರ್ಷ, ಶುಗರ್ ಬಂದು 14 ವರ್ಷವಾಯಿತು. ಬಲಗಾಲಿನ ಅಂಗಾಲಿನಲ್ಲಿ ಕೀವು ಕಟ್ಟಿತ್ತು. ಹಾವೇರಿಯಲ್ಲಿ ಕೊಯ್ದು ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು. ರಿಪೋರ್ಟಿನಲ್ಲಿ ಎರಡು ಹೆಸರಿದ್ದವು: ಪೆಪ್ಟೊಸ್ಟ್ರೆಪ್ಟೊಕಾಕಸ್ ಮ್ಯಾಗ್ನಸ್, ಬ್ಯಾಕ್ಟೀರಾಯ್ಡಿಸ್ ಮೆಲಾನಿನೋಜೆನಿಕಸ್. ಮೆಟ್ರೊನಿಡಜೋಲ್ ಜೊತೆಗೆ ಇನ್ನೊಂದು ಆ್ಯಂಟಿಬಯೋಟಿಕ್ ಶುರುವಾಯಿತು. ಗಾಯ ಪೂರ್ತಿ ಮಾಯಲಿಲ್ಲ ಎಂದು 11 ದಿನದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು, ಮತ್ತೆ ಕಲ್ಚರ್ ಆಯಿತು. ಈ ಸಲ ಮೂರು ಹೆಸರು: ಫೈನ್‌ಗೋಲ್ಡಿಯಾ ಮ್ಯಾಗ್ನಾ, ಪ್ರಿವೊಟೆಲ್ಲಾ ಮೆಲಾನಿನೋಜೆನಿಕಾ, ಪಾರ್ವಿಮೋನಾಸ್ ಮೈಕ್ರಾ. "ಈ ಗುಳಗಿ ಹಳೇ ಹುಳಕ್ಕ ಕೊಟ್ಟದ್ದು. ಈಗ ಹೊಸಾವು ಹೊಕ್ಕಾವ. ಇನ್ಯಾಕ ನುಂಗ್ಲಿ?" ಅಂತ ಅಪ್ಪ ಕೂತುಬಿಟ್ಟಿದ್ದಾರೆ. ಮೊದಲಿನ ಲ್ಯಾಬ್‌ನವರು ತಪ್ಪು ಬರೆದಿದ್ದಾರೆ ಅನ್ನುತ್ತಾರೆ ನಮ್ಮ ಕಾಕಾ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿರುವ ತಮ್ಮ, "ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನೋದರ ಹೆಸರೂ ಬದಲಾಗ್ಯದ, ಬುಕ್ಕಿನ್ಯಾಗ ಹಳೇದ ಅದ" ಅನ್ನುತ್ತಾನೆ. ಯಾರ ಮಾತು ನಂಬಬೇಕು? ಹೆಸರು ಹೀಗೆ ಬದಲಾದರೆ ಔಷಧವೂ ಬದಲಾಗಬೇಕೇ?

ಉತ್ತರ: ಮೊದಲು ಗುಳಗಿಯ ಮಾತು. ನಿಮ್ಮ ತಂದೆಯವರಿಗೆ ಇವತ್ತೇ ಹೇಳಿ, ಆ ಎರಡು ಹುಳ ಹೊಸವಲ್ಲ. ಮೊದಲ ರಿಪೋರ್ಟಿನಲ್ಲಿದ್ದ ಎರಡೂ ಎರಡನೆಯದರಲ್ಲಿ ಈಗಿನ ಹೆಸರಿನಿಂದ ಬಂದಿವೆ. ಪಾರ್ವಿಮೋನಾಸ್ ಮೈಕ್ರಾ ಒಂದೇ ಹೆಚ್ಚಿಗೆ ಬಂದದ್ದು. ಅದು ಕೂಡ ಸಾಮಾನ್ಯವಾಗಿ ಅದೇ ಮೆಟ್ರೊನಿಡಜೋಲ್‌ಗೆ ಬಗ್ಗುವಂಥದ್ದೇ. ಹೆಸರು ಬದಲಾಯಿತೆಂಬ ಕಾರಣಕ್ಕೆ ಔಷಧ ಬಿಡುವುದಾಗಲಿ ಬದಲಿಸುವುದಾಗಲಿ ಬೇಡ.

ಆದರೆ ನಿಮ್ಮ ಪತ್ರದಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. 11 ದಿನ ಔಷಧ ನುಂಗಿದ ಮೇಲೂ ಅವೇ ಹುಳ ಮತ್ತೆ ಹೇಗೆ ಬೆಳೆದವು? ಹೊಸ ಹೆಸರುಗಳ ಗದ್ದಲದಲ್ಲಿ ಅದು ಮರೆಯಾಗಿದೆ. ಹೆಸರಿನ ಗಂಟು ಬಿಚ್ಚಿದ ಮೇಲೆ ಅಲ್ಲಿಗೆ ಬರುತ್ತೇನೆ.

ಬ್ಯಾಕ್ಟೀರಿಯಾದ ಹೆಸರಿನಲ್ಲಿ ಎರಡು ಪದ ಇರುತ್ತವೆ. ಮೊದಲನೆಯದು ಕುಲದ ಹೆಸರು, ನಮ್ಮ ಕಡೆಯ ಅಡ್ಡಹೆಸರಿದ್ದಂತೆ. ಎರಡನೆಯದು ಪ್ರಭೇದದ ಹೆಸರು. ಒಂದು ಹುಳವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸರಿಸಿದಾಗ ಮೊದಲ ಪದ ಬದಲಾಗುತ್ತದೆ, ಎರಡನೆಯದು ಉಳಿಯಬೇಕು ಅನ್ನುವುದು ನಿಯಮ. ಹಾಗಿದ್ದರೆ ಮ್ಯಾಗ್ನಸ್ ಇದ್ದದ್ದು ಮ್ಯಾಗ್ನಾ ಯಾಕಾಯಿತು? ಲ್ಯಾಟಿನ್ ವ್ಯಾಕರಣ. ಅಲ್ಲಿ ಪ್ರತಿಯೊಂದು ಕುಲದ ಹೆಸರಿಗೂ ಲಿಂಗ ಇದೆ, ಗುಣವಾಚಕ ಅದಕ್ಕೆ ಹೊಂದಿಕೊಳ್ಳಬೇಕು. ನಾವು "ದೊಡ್ಡವನು, ದೊಡ್ಡವಳು, ದೊಡ್ಡದು" ಅನ್ನುವ ಹಾಗೆಯೇ. ಪೆಪ್ಟೊಸ್ಟ್ರೆಪ್ಟೊಕಾಕಸ್ ಪುಲ್ಲಿಂಗ, ಅದಕ್ಕೆ ಮ್ಯಾಗ್ನಸ್. ಫೈನ್‌ಗೋಲ್ಡಿಯಾ ಸ್ತ್ರೀಲಿಂಗ, ಅದಕ್ಕೆ ಮ್ಯಾಗ್ನಾ. ನಿಮ್ಮ ಇನ್ನೊಂದು ಹುಳ ಮೂರೂ ಲಿಂಗ ತಿರುಗಿ ಬಂದಿದೆ: 1921ರಲ್ಲಿ ವರ್ಣಿಸಿದಾಗ ಬ್ಯಾಕ್ಟೀರಿಯಂ ಮೆಲಾನಿನೋಜೆನಿಕಂ, ಆಮೇಲೆ ಬ್ಯಾಕ್ಟೀರಾಯ್ಡಿಸ್ ಮೆಲಾನಿನೋಜೆನಿಕಸ್, 1990ರಿಂದ ಪ್ರಿವೊಟೆಲ್ಲಾ ಮೆಲಾನಿನೋಜೆನಿಕಾ. ರಿಪೋರ್ಟು ಓದುವಾಗ ಎರಡನೆಯ ಪದದ ಬುಡ ನೋಡಿ, ಬಾಲ ಬಿಡಿ. ಬುಡ ಒಂದೇ ಇದ್ದರೆ ಹುಳವೂ ಬಹುತೇಕ ಒಂದೇ.

ಮ್ಯಾಗ್ನಾದ ಹಾದಿ ಇನ್ನೂ ಉದ್ದ. 1933ರಲ್ಲಿ ಫ್ರಾನ್ಸಿನ ಆಂದ್ರೆ ಪ್ರೆವೊ ಇದನ್ನು ಡಿಪ್ಲೊಕಾಕಸ್ ಮ್ಯಾಗ್ನಸ್ ಎಂದು ಕರೆದರು. ಆಮೇಲೆ ಪೆಪ್ಟೊಕಾಕಸ್ ಮ್ಯಾಗ್ನಸ್ ಆಯಿತು, 1983ರಲ್ಲಿ ಪೆಪ್ಟೊಸ್ಟ್ರೆಪ್ಟೊಕಾಕಸ್ ಮ್ಯಾಗ್ನಸ್, ಕಡೆಗೆ 1999ರಲ್ಲಿ ಅಮೆರಿಕದ ಸಿಡ್ನಿ ಫೈನ್‌ಗೋಲ್ಡ್ ಅವರ ಗೌರವಕ್ಕೆ ಫೈನ್‌ಗೋಲ್ಡಿಯಾ ಮ್ಯಾಗ್ನಾ. ಪಾರ್ವಿಮೋನಾಸ್ ಮೈಕ್ರಾ ಕೂಡ ಪೆಪ್ಟೊಸ್ಟ್ರೆಪ್ಟೊಕಾಕಸ್ ಮೈಕ್ರೋಸ್ ಆಗಿತ್ತು. 1999ರಲ್ಲಿ ಅದಕ್ಕೆ ಮೈಕ್ರೊಮೋನಾಸ್ ಎಂದು ಹೆಸರಿಟ್ಟರು. ಆ ಹೆಸರು ಅದಕ್ಕೂ ಮೊದಲೇ ಒಂದು ಪಾಚಿಗೆ ಸಂದಿತ್ತು, ಹೀಗಾಗಿ 2006ರಲ್ಲಿ ಮತ್ತೆ ಬದಲಿಸಬೇಕಾಯಿತು. ಮ್ಯಾಗ್ನಾ ಅಂದರೆ ದೊಡ್ಡದು, ಮೈಕ್ರಾ ಅಂದರೆ ಸಣ್ಣದು. ಹಳೆಯ ಕಾಲದಲ್ಲಿ ಇವೆರಡನ್ನು ಬೇರೆ ಮಾಡುತ್ತಿದ್ದದ್ದೂ ಸೂಕ್ಷ್ಮದರ್ಶಕದಡಿ ಕಾಣುವ ಗುಂಡಿನ ಗಾತ್ರದಿಂದಲೇ. ಮೈಕ್ರಾ 0.7 ಮೈಕ್ರಾನ್‌ಗಿಂತ ಸಣ್ಣ, ಮ್ಯಾಗ್ನಾ ಅದಕ್ಕಿಂತ ದಪ್ಪ. ಪ್ರಿವೊಟೆಲ್ಲಾ ಅನ್ನುವ ಹೆಸರು ಅದೇ ಪ್ರೆವೊ ಅವರದು. ಈ ವಿದ್ಯೆಗೆ ಜೀವ ತೇಯ್ದ ಇಬ್ಬರು ನಿಮ್ಮ ತಂದೆಯವರ ಒಂದೇ ರಿಪೋರ್ಟಿನಲ್ಲಿ ಇದ್ದಾರೆ.

ಇಷ್ಟೊಂದು ಸರಿದಾಟ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ನಿಮ್ಮ ರಿಪೋರ್ಟಿನ ಹುಳಗಳೆಲ್ಲ ಅನೆರೋಬ್, ಅಂದರೆ ಗಾಳಿಯಲ್ಲಿರುವ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ. ಇಂಥ ಜೀವನ ಇದೆಯೆಂದು 1861ರಲ್ಲಿ ತೋರಿಸಿದವರು ಲೂಯಿ ಪಾಶ್ಚರ್. ಆದರೆ ಅದು ಬದುಕುವ ರೀತಿಯಷ್ಟೇ, ವಂಶವಲ್ಲ. ಗದಗ ಕಡೆಯ ಎರಿ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಮೂರೂ ಬೆಳೆಯುತ್ತವೆ. ಮೂರಕ್ಕೂ "ಹಿಂಗಾರಿ ಬೆಳೆ" ಎಂದರೆ ಮಾತು ಸುಳ್ಳಲ್ಲ, ಒಕ್ಕಲಿಗೆ ಉಪಯೋಗದ ಮಾತೇ. ಹಾಗಂತ ಜೋಳವೂ ಕಡಲೆಯೂ ದಾಯಾದಿಗಳಲ್ಲ. ಹಳೆಯ ವರ್ಗೀಕರಣ ಹೆಚ್ಚೂಕಡಿಮೆ ಹೀಗಿತ್ತು. ಗ್ರಾಂ ಬಣ್ಣ (ಹುಳ ಗುರುತಿಸಲು ಲ್ಯಾಬಿನಲ್ಲಿ ಹಾಕುವ ಬಣ್ಣ; ಹಿಡಿದುಕೊಂಡರೆ ಪಾಸಿಟಿವ್, ಬಿಟ್ಟರೆ ನೆಗೆಟಿವ್) ಯಾವುದು, ಗುಂಡೋ ಕಡ್ಡಿಯೋ, ಬೀಜಕ ಇದೆಯೋ ಇಲ್ಲವೋ, ಯಾವ ಸಕ್ಕರೆ ಹುಳಿ ಮಾಡುತ್ತದೆ, ಯಾವ ಆಮ್ಲ ಬಿಡುತ್ತದೆ ಎಂದು ನೋಡಿ ಗುಡ್ಡೆ ಹಾಕುತ್ತಿದ್ದರು. ಗ್ರಾಂ ಪಾಸಿಟಿವ್, ಬೀಜಕ ಇರುವ, ಅನೆರೋಬ್ ಕಡ್ಡಿ ಸಿಕ್ಕರೆ ಸಾಕು, ಕ್ಲಾಸ್ಟ್ರಿಡಿಯಂ ಚೀಲಕ್ಕೆ. ಬೀಜಕ ಇಲ್ಲದ ಗ್ರಾಂ ನೆಗೆಟಿವ್ ಕಡ್ಡಿಯಾದರೆ ಬ್ಯಾಕ್ಟೀರಾಯ್ಡಿಸ್ ಚೀಲಕ್ಕೆ.

1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರದ) ಆರ್‌ಎನ್‌ಎ ಹೋಲಿಸಿ ವಂಶ ಗುರುತಿಸುವ ದಾರಿ ಹಾಕಿದರು. ಅಂಥ ಒಂದು ಆರ್‌ಎನ್‌ಎ ತಯಾರಿಸುವ, ಇವತ್ತು ಲ್ಯಾಬುಗಳು ಓದುವ 16ಎಸ್ ಜೀನು ಸುಮಾರು 1500 ಅಕ್ಷರದ್ದು. ಎರಡು ಹುಳಗಳ ನಡುವೆ ಅದು ಶೇ. 98.7ಕ್ಕಿಂತ ಕಡಿಮೆ ಹೊಂದಿದರೆ ಬೇರೆ ಪ್ರಭೇದ, ಸುಮಾರು ಶೇ. 95ಕ್ಕಿಂತ ಕೆಳಗೆ ಹೋದರೆ ಬೇರೆ ಕುಲ ಎಂದು ಅನುಮಾನಿಸುವುದು ರೂಢಿ. ಪೂರ್ತಿ ಜೀನೋಮ್ ಹೋಲಿಸುವಾಗ ಒಂದೇ ಪ್ರಭೇದಕ್ಕೆ ಶೇ. 95–96ರ ಹೊಂದಿಕೆ ಬೇಕು. ಈ ಅಳತೆಗೆ ಹಿಡಿದಾಗ ಕ್ಲಾಸ್ಟ್ರಿಡಿಯಂ ಚೀಲ ಹರಿಯಿತು. 1994ರಲ್ಲಿ ಅದನ್ನು 19 ಗುಂಪುಗಳಾಗಿ ಬಿಡಿಸಿ ತೋರಿಸಿದರು, ಅದರಲ್ಲಿ ಮೊದಲನೆಯದಷ್ಟೇ ನಿಜವಾದ ಕ್ಲಾಸ್ಟ್ರಿಡಿಯಂ. ಧನುರ್ವಾಯುವಿನ ಟೆಟಾನಿ, ಕುರಿಗಳ ಕರುಳುಬೇನೆಯ ಪರ್ಫ್ರಿಂಜೆನ್ಸ್, ದನಗಳ ಚಪ್ಪೆರೋಗದ ಶೋವೋಯಿ, ಮೂರೂ ಆ ಮೊದಲ ಗುಂಪಿನವೇ. ಅದಕ್ಕಾಗಿಯೇ ಕುರಿಗೆ ಹಾಕಿಸುವ ಲಸಿಕೆಯ ಶೀಶೆಯ ಮೇಲಿನ ಹೆಸರು ಬದಲಾಗಿಲ್ಲ.

ನಿಮ್ಮ ತಮ್ಮನ ಮಾತು ಸರಿ. ಆ್ಯಂಟಿಬಯೋಟಿಕ್ ನುಂಗಿದವರಿಗೆ ಭೇದಿ ಹಚ್ಚುವ ಡಿಫಿಸಿಲ್ ಆ ಮೊದಲ ಗುಂಪಿನದಲ್ಲ. 1935ರಲ್ಲಿ ನವಜಾತ ಶಿಶುಗಳ ಮಲದಲ್ಲಿ ಸಿಕ್ಕಾಗ ಬೆಳೆಸುವುದು ಕಷ್ಟವಾದ್ದರಿಂದಲೇ ಆ ಹೆಸರು ಬಂತು. ಲ್ಯಾಟಿನ್‌ನಲ್ಲಿ ಹಾಗಂದರೆ ಕಷ್ಟದ್ದು. 2013ರಲ್ಲಿ ಪೆಪ್ಟೊಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಸೂಚನೆ ಬಂದಾಗ ಆಸ್ಪತ್ರೆಗಳಿಗೆ ದೊಡ್ಡ ತೊಡಕು ಕಂಡಿತು. ಜಗತ್ತಿನಾದ್ಯಂತ ಸಿ. ಡಿಫ್, ಸಿಡಿಐ (ಸಿ. ಡಿಫ್ ಸೋಂಕು) ಎಂದೇ ಚೀಟಿ, ಸಾಫ್ಟ್‌ವೇರ್, ಪರೀಕ್ಷಾ ಕಿಟ್ ನಡೆಯುತ್ತಿದ್ದವು. 2016ರಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಹೆಸರು ತಂದರು. ವಂಶವೂ ಬೇರೆಯಾಯಿತು, ಮೊದಲಕ್ಷರವೂ ಉಳಿಯಿತು. ಹೆಸರಿಡುವವರು ರೋಗಿಯ ಹಾಸಿಗೆಯವರೆಗೆ ಯೋಚಿಸಿದ ಒಳ್ಳೆಯ ಉದಾಹರಣೆ ಅದು.

ತಮ್ಮನಿಗೆ ಇನ್ನೊಂದು ಮಾತು ಹೇಳಿ, ಪರೀಕ್ಷೆಗೆ ಕೂಡ ಬೇಕಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಅಧಿಕೃತ ನಾಮಕರಣ ನಿಯಮ ಇದೆ, ಅಧಿಕೃತ ವರ್ಗೀಕರಣ ಅಂತ ಒಂದಿಲ್ಲ. 1980ರ ಜನವರಿ 1ರ ಅನುಮೋದಿತ ಪಟ್ಟಿಯಿಂದ ಲೆಕ್ಕ ಹೊಸದಾಗಿ ಶುರುವಾಯಿತು. ಹೊಸ ಪ್ರಭೇದ ಪ್ರಕಟಿಸುವವರು ಅದರ ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ನಿಯಮದಂತೆ ಪ್ರಕಟವಾದ ಹಳೆಯ ಹೆಸರು ಹೊಸದು ಬಂದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಹೊಸ ಗುಂಪುಗಾರಿಕೆ ಒಪ್ಪಿದವರು ಹೊಸ ಹೆಸರು ಬಳಸುತ್ತಾರೆ. ಹೆಸರಿನ ಅರ್ಥ ಸುಳ್ಳಾದರೂ ಹೆಸರು ಬೀಳುವುದಿಲ್ಲ. ಮೆಲಾನಿನೋಜೆನಿಕಾ ಅಂದರೆ ಮೆಲನಿನ್ ಹುಟ್ಟಿಸುವುದು, ಆದರೆ ಅದರ ಕಪ್ಪು ಬಣ್ಣ ಮೆಲನಿನ್ ಅಲ್ಲ, ರಕ್ತದ ಹೀಮ್‌ನಿಂದ ಬಂದದ್ದು. ಹೆಸರು ಬದಲಿಸಿದರೆ ಜೀವಕ್ಕೇ ಅಪಾಯ ಅನ್ನುವಂತಿದ್ದರೆ ಅಂಥ ಹೆಸರನ್ನು ತಿರಸ್ಕರಿಸುವ ನಿಯಮವೂ ಇದೆ. ಅನೆರೋಬ್ ಅಲ್ಲದಿದ್ದರೂ ಪ್ಲೇಗಿನ ಯೆರ್ಸಿನಿಯಾ ಪೆಸ್ಟಿಸ್ ಹೀಗೆ ಉಳಿದುಕೊಂಡದ್ದು. ಕೆಟ್ಟ ಆಹಾರದ ನಂಜಿನಿಂದ ಲಕ್ವ ತರುವ ಬೊಟುಲಿನಂ ಎಂಬ ಒಂದೇ ಹೆಸರಿನಡಿ ವಂಶದಲ್ಲಿ ದೂರ ದೂರದ ಗುಂಪುಗಳಿವೆ. ಎಲ್ಲವೂ ಅದೇ ನಂಜು ಬಿಡುತ್ತವೆ ಎಂಬ ಕಾರಣಕ್ಕೆ ಹೆಸರು ಹೆಚ್ಚಾಗಿ ಒಟ್ಟಿಗೇ ಉಳಿದಿದೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಇನ್ನು ಕಾಕಾ ಅವರ ದೂರು. ಮೊದಲ ಲ್ಯಾಬ್ ತಪ್ಪು ಮಾಡಿದೆ ಎಂದು ಈ ಹೆಸರುಗಳಿಂದ ಹೇಳಲಾಗದು. ಸಣ್ಣ ಲ್ಯಾಬಿನಲ್ಲಿ ಅನೆರೋಬ್ ಕಲ್ಚರ್ ಮಾಡುವುದೇ ಶ್ರದ್ಧೆಯ ಕೆಲಸ. ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಕೀವು ಎಳೆದು, ಗಾಳಿಯಾಡದ ಜಾರಿನಲ್ಲಿ ಗ್ಯಾಸ್ ಪ್ಯಾಕೆಟ್ ಜೊತೆ ಮುಚ್ಚಿ, 48 ಗಂಟೆ ತೆರೆಯದೆ 37 ಡಿಗ್ರಿಯಲ್ಲಿ ಇಡಬೇಕು. ಜಾರಿನೊಳಗೆ ಮೆಥಿಲೀನ್ ಬ್ಲೂ ಪಟ್ಟಿ ಇರುತ್ತದೆ. ಆಮ್ಲಜನಕ ಹೋದಂತೆ ನೀಲಿ ಬಿಳಚಿ ಬಣ್ಣವಿಲ್ಲದಂತಾಗಬೇಕು. ಮರುದಿನವೂ ನೀಲಿಯೇ ಇದ್ದರೆ ಮುಚ್ಚಳದ ರಬ್ಬರ್ ಸೋರಿದೆ ಎಂದರ್ಥ, ಆಗ ಆ ತಟ್ಟೆಯ "ಬೆಳವಣಿಗೆ ಇಲ್ಲ" ಅನ್ನುವ ಫಲಿತಾಂಶಕ್ಕೆ ಬೆಲೆಯಿಲ್ಲ. ತಟ್ಟೆಯ ಮೇಲೆ 5 ಮೈಕ್ರೊಗ್ರಾಂ ಮೆಟ್ರೊನಿಡಜೋಲ್ ಬಿಲ್ಲೆ ಇಟ್ಟು ಸುತ್ತ ಬಯಲು ಬಿದ್ದರೆ ಅನೆರೋಬ್ ಇರಬಹುದು. ಆಮೇಲೆ ವ್ಯಾಂಕೊಮೈಸಿನ್ 5, ಕನಾಮೈಸಿನ್ 1000, ಕೊಲಿಸ್ಟಿನ್ 10 ಮೈಕ್ರೊಗ್ರಾಂನ ಮೂರು ಬಿಲ್ಲೆ. ಇವು ಔಷಧ ಆರಿಸಲಿಕ್ಕಲ್ಲ, ಗುಂಪು ಗುರುತಿಸಲಿಕ್ಕೆ. ಮೂರಕ್ಕೂ ಜಗ್ಗದೆ, ಪಿತ್ತರಸವಿರುವ ಎಸ್ಕ್ಯುಲಿನ್ ಅಗಾರ್ ಕಪ್ಪು ಮಾಡಿದರೆ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಗುಂಪು. ಪಿತ್ತರಸವನ್ನು ತಾಳಲಾರದೆ, ಎಳೆಯ ಕಾಲೊನಿ ಅಲ್ಟ್ರಾವಯಲೆಟ್ ದೀಪದಡಿ ಇಟ್ಟಿಗೆ ಕೆಂಪಾಗಿ ಮಿನುಗಿ, ವಾರ ಕಳೆದ ಮೇಲೆ ಕಪ್ಪಾಗುತ್ತ ಬಂದರೆ ಹಿಂದೆ "ಮೆಲಾನಿನೋಜೆನಿಕಸ್" ಎಂದು ಬರೆಯುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಮೆಲಾನಿನೋಜೆನಿಕಸ್ ಒಂದು ಹುಳದ ಹೆಸರಿಗಿಂತ ಕಪ್ಪಾಗುವ ಹಲವು ಹುಳಗಳ ಒಟ್ಟು ಹೆಸರಾಗಿ ಬಳಕೆಯಲ್ಲಿತ್ತು. ಅದನ್ನು ಬಿಡಿಸಿದಾಗ ಸಕ್ಕರೆ ಬಳಸುವವು 1990ರಲ್ಲಿ ಪ್ರಿವೊಟೆಲ್ಲಾಕ್ಕೆ ಹೋದವು. ಸಕ್ಕರೆ ಬಳಸದವು ಅದಕ್ಕೂ ಮೊದಲೇ, 1988ರಲ್ಲಿ, ಪೊರ್ಫಿರೊಮೋನಾಸ್‌ಗೆ ಹೋಗಿದ್ದವು. ಹೀಗಾಗಿ ಮ್ಯಾಗ್ನಸ್ ಮತ್ತು ಮ್ಯಾಗ್ನಾ ನೇರವಾಗಿ ಒಂದೇ ಎನ್ನಬಹುದು, ಮೆಲಾನಿನೋಜೆನಿಕಸ್ ವಿಷಯದಲ್ಲಿ "ಅದೇ, ಇಲ್ಲವೇ ಅದರ ಹತ್ತಿರದ್ದು" ಅನ್ನುವುದೇ ಪ್ರಾಮಾಣಿಕ ಮಾತು. ನಿಮ್ಮ ತಂದೆಯವರ ಔಷಧಕ್ಕೆ ಇದರಿಂದ ವ್ಯತ್ಯಾಸವಾಗದು.

ಹುಬ್ಬಳ್ಳಿಯ ಲ್ಯಾಬ್ ಬಹುಶಃ ಮಾಲ್ಡಿ-ಟಾಫ್ ಯಂತ್ರದಲ್ಲಿ ನೋಡಿರಬೇಕು. ಅದು ಹುಳದ ಪ್ರೋಟೀನುಗಳ ತೂಕದ ಗೆರೆಗಳನ್ನು ತನ್ನ ಸಂಗ್ರಹದ ಜೊತೆ ಹೋಲಿಸಿ ಕೆಲವೇ ನಿಮಿಷಗಳಲ್ಲಿ ಹೆಸರು ಕೊಡುತ್ತದೆ. ಸಂಗ್ರಹ ಹಳೆಯದಾದರೆ ಅದೇ ಯಂತ್ರ ಹಳೆಯ ಹೆಸರನ್ನೇ ಮುದ್ರಿಸುತ್ತದೆ. ಹೊಸ ಹೆಸರಿನ ಪಕ್ಕ ಕಂಸದಲ್ಲಿ "ಹಿಂದಿನ ಹೆಸರು ಇಂಥದ್ದು" ಎಂದು ಒಂದು ಸಾಲು ಬರೆದಿದ್ದರೆ ನಿಮ್ಮ ಮನೆಯ ಈ ಗೊಂದಲ ಆಗುತ್ತಿರಲಿಲ್ಲ. ಲ್ಯಾಬ್ ನಡೆಸುವವರು ಇದನ್ನು ಓದುತ್ತಿದ್ದರೆ ಈ ಸಾಲು ಸೇರಿಸಿ ಎಂದು ಕಳಕಳಿಯಿಂದ ಕೇಳುತ್ತೇನೆ. ಇಲ್ಲದಿದ್ದರೆ ವರ್ಷದ ಕೊನೆಗೆ ಆಸ್ಪತ್ರೆಯ ಲೆಕ್ಕದಲ್ಲೂ ಒಂದೇ ಹುಳ ಎರಡು ಸಾಲಿನಲ್ಲಿ ಒಡೆದು ಕೂರುತ್ತದೆ.

ಹೆಸರು ಔಷಧಕ್ಕೆ ಸಂಬಂಧಿಸುವುದೇ ಇಲ್ಲ ಎಂದುಕೊಳ್ಳಬೇಡಿ. ಮೊಡವೆಯ ಹುಳ ಪ್ರೊಪಿಯೊನಿಬ್ಯಾಕ್ಟೀರಿಯಂ ಆ್ಯಕ್ನೆಸ್ 2016ರಿಂದ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್. ಅದಕ್ಕೂ ಆ್ಯಕ್ಟಿನೊಮೈಸಿಸ್‌ಗೂ ಮೆಟ್ರೊನಿಡಜೋಲ್ ತಾಗುವುದಿಲ್ಲ. ಫ್ರಾಜಿಲಿಸ್ ಗುಂಪಿಗೆ ಪೆನಿಸಿಲಿನ್ ಒಂದೇ ಕೊಟ್ಟರೆ ನಡೆಯದು. ಕ್ಲಾಸ್ಟ್ರಿಡಿಯಂ ಇನ್ನೋಕ್ಯುಯಂ ಎಂಬುದಕ್ಕೆ ಹುಟ್ಟಿನಿಂದಲೇ ವ್ಯಾಂಕೊಮೈಸಿನ್ ಹತ್ತುವುದಿಲ್ಲ. ಅದರ ಕುಲದ ಹೆಸರನ್ನು ಕೆಲವೆಡೆ ಚೌಕ ಕಂಸದಲ್ಲಿ ಬರೆದಿರುತ್ತಾರೆ. ಅದು ಮುದ್ರಣದೋಷವಲ್ಲ, "ಇದು ಈ ಕುಲಕ್ಕೆ ಸೇರಿದ್ದಲ್ಲ" ಎಂಬ ಗುರುತು.

ಈಗ ನಿಜವಾದ ಚಿಂತೆ. ಔಷಧ ನುಂಗುತ್ತಿದ್ದರೂ ಅವೇ ಅನೆರೋಬ್‌ಗಳು ಮತ್ತೆ ಬಂದಿವೆ. ಔಷಧಕ್ಕೆ ಹುಳ ಬಗ್ಗುತ್ತಿಲ್ಲ ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಶುಗರ್ ಕಾಲಿನಲ್ಲಿ ಹೆಚ್ಚಾಗಿ ಕಾರಣ ಅದಲ್ಲ. ಒಳಗೆ ಇನ್ನೊಂದು ಕಡೆ ಕೀವು ನಿಂತಿರುತ್ತದೆ, ಸತ್ತ ಮಾಂಸ ಉಳಿದಿರುತ್ತದೆ, ಮೂಳೆಗೆ ಸೋಂಕು ಇಳಿದಿರುತ್ತದೆ, ಇಲ್ಲವೇ ರಕ್ತನಾಳ ಕಟ್ಟಿ ಔಷಧವೇ ಅಲ್ಲಿಗೆ ತಲುಪುತ್ತಿರುವುದಿಲ್ಲ. ರಕ್ತ ಹರಿಯದ, ಆಮ್ಲಜನಕ ಸೇರದ ಜಾಗವೇ ಇವುಗಳ ಮನೆ. ಆ ಮನೆ ಕೆಡವದೆ ಗುಳಗಿ ಬದಲಿಸುತ್ತ ಹೋದರೆ ದಿನ ಹೋಗುತ್ತವೆ. ಡಾಕ್ಟರರನ್ನು ಹೀಗೆ ಕೇಳಿ: ಸಲಾಕೆ ಇಳಿಸಿದರೆ ಮೂಳೆ ತಾಕುತ್ತದೆಯೇ, ಪಾದದ ನಾಡಿ ಸಿಗುತ್ತದೆಯೇ, ಇನ್ನೊಮ್ಮೆ ಶುಚಿ ಮಾಡಬೇಕೇ? ಎಕ್ಸ್‌ರೇ ಸರಿಯಿದೆ ಅಂದ ಮಾತ್ರಕ್ಕೆ ಮೂಳೆ ಸರಿಯಿದೆ ಎಂದಲ್ಲ, ಬದಲಾವಣೆ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ.

ಮೂರನೆಯ ಕಲ್ಚರ್ ಮಾಡಿಸುವುದಾದರೆ ಗಾಯದ ಮೇಲಿನ ಹತ್ತಿ ಸ್ವಾಬ್ ಬೇಡ. ಅದರಲ್ಲಿ ಚರ್ಮದ ಹುಳಗಳೇ ಬರುತ್ತವೆ, ಫೈನ್‌ಗೋಲ್ಡಿಯಾ ಕೂಡ ಚರ್ಮದ ಮೇಲೆ ಇರುವಂಥದ್ದೇ. ಮೇಲ್ಭಾಗ ಶುಚಿ ಮಾಡಿ ಆಳದಿಂದ ತೆಗೆದ ಮಾಂಸದ ತುಣುಕು, ಇಲ್ಲವೇ ಸಿರಿಂಜಿನಲ್ಲಿ ಎಳೆದ ಕೀವು ಬೇಕು. ಕೀವಾದರೆ ಸಿರಿಂಜಿನ ಗಾಳಿ ಹೊರಹಾಕಿ, ಸೂಜಿ ತೆಗೆದು ಮುಚ್ಚಳ ಹಾಕಿ ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಫ್ರಿಜ್‌ನಲ್ಲಿ ಇಡಬಾರದು. ತಡವಾಗುವುದಿದ್ದರೆ ರಾಬರ್ಟ್‌ಸನ್ ಮಾಂಸದ ಮಾಧ್ಯಮದ (ದಾರಿಯಲ್ಲಿ ಅನೆರೋಬ್ ಸಾಯದಂತೆ ಕಾಯುವ) ಶೀಶೆ ಮೊದಲೇ ಕೇಳಿ ತರಿಸಿಕೊಳ್ಳಲಿ. ಚೀಟಿಯಲ್ಲಿ ಎಷ್ಟು ದಿನದಿಂದ ಯಾವ ಔಷಧ ನಡೆದಿದೆ ಎಂದು ಬರೆಸಿ.

ಔಷಧ ಸಂವೇದನೆಯ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಮೂಳೆಗೆ ಸೋಂಕು ಇಳಿದಿದ್ದರೆ, ಹುಳ ರಕ್ತದಲ್ಲಿ ಸಿಕ್ಕರೆ, ಶುಚಿ ಮಾಡಿದ ಮೇಲೂ ಗಾಯ ಮಾಯದಿದ್ದರೆ ಕೇಳಬಹುದು. ಆದರೆ ಸಾಮಾನ್ಯ ಕಲ್ಚರ್‌ಗೆ ಇಡುವ ಬಿಲ್ಲೆಯ ಬಯಲನ್ನು ಹಾಗೇ ಅಳೆದು ಅನೆರೋಬ್‌ಗೆ ಹೇಳಿದ ಫಲಿತಾಂಶ ನಂಬಿಕೆಗೆ ಅರ್ಹವಲ್ಲ. ಇ-ಟೆಸ್ಟ್ ಪಟ್ಟಿ ಇಲ್ಲವೇ ಅಗಾರ್ ಡೈಲ್ಯೂಷನ್ ವಿಧಾನ ಬೇಕು, ಅದಕ್ಕೆ ಇನ್ನೂ ಎರಡು ದಿನ ಹಿಡಿಯುತ್ತದೆ. ಹೆಸರು ಖಚಿತಪಡಿಸಲು 16ಎಸ್ ಸೀಕ್ವೆನ್ಸಿಂಗ್ ಮಾಡಿಸೋಣವೇ ಎಂದು ಯಾರಾದರೂ ಕೇಳಿದರೆ, ನಿಮ್ಮ ತಂದೆಯವರಿಗೆ ಅದು ದುಡ್ಡು ದಂಡ.

ಮೆಟ್ರೊನಿಡಜೋಲ್ ವಾರಗಟ್ಟಲೆ ನಡೆದರೆ ಕೈಕಾಲಿನ ನರಕ್ಕೆ ಪೆಟ್ಟಾಗಿ ಜೋಮು ಬರಬಹುದು. ಶುಗರ್‌ನಿಂದ ಮೊದಲೇ ಪಾದ ಮರಗಟ್ಟಿದ್ದರೆ ಇದು ಗೊತ್ತೇ ಆಗುವುದಿಲ್ಲ. ನಾಲ್ಕು ವಾರ ದಾಟುವ ಸೂಚನೆ ಇದ್ದರೆ ಡಾಕ್ಟರರಿಗೆ ನೆನಪಿಸಿ. ಗಾಯದ ಸುತ್ತ ಒತ್ತಿದಾಗ ಚರ್ಮದಡಿ ಚಟಚಟ ಅಂದರೆ, ಚರ್ಮ ಕಪ್ಪಾಗುತ್ತ ಮೇಲೇರಿದರೆ, ಜ್ವರ ಬಂದು ಮಂಕಾದರೆ ಅಪಾಯಿಂಟ್‌ಮೆಂಟ್ ಕಾಯದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಎರಡೂ ರಿಪೋರ್ಟು ಒಂದೇ ಫೈಲಿನಲ್ಲಿರಲಿ. ಮೊದಲ ರಿಪೋರ್ಟಿನ ಅಂಚಿಗೆ ಪೆನ್ಸಿಲ್ಲಿನಲ್ಲಿ "ಮ್ಯಾಗ್ನಸ್ ಅಂದರೆ ಈಗಿನ ಫೈನ್‌ಗೋಲ್ಡಿಯಾ ಮ್ಯಾಗ್ನಾ" ಎಂದು ಬರೆದಿಡಿ. ಆ ಸಾಲು ತೋರಿಸಿ ಅಪ್ಪನಿಗೆ ರಾತ್ರಿಯ ಗುಳಗಿ ಕೊಡಿ. ಎಷ್ಟು ಹೊತ್ತು ಬಿಟ್ಟಿದ್ದರು ಎಂಬುದನ್ನು ನಾಳೆ ಡಾಕ್ಟರರಿಗೆ ಮುಚ್ಚಿಡದೆ ಹೇಳಿ.